ಗೋಡೆಯ ಸ್ವಿಚ್ಚಿಗೂ ಮರ್ಯಾದೆ ಇರಲಿ

ಪ್ರಾಜೆಕ್ಟ್ ವೈವಾ ಹತ್ತಿರ ಬಂತೆಂದರೆ ನಮ್ಮ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ವಿಭಾಗದ ಕಾರಿಡಾರಿನ ಉದ್ದಕ್ಕೂ ಪ್ಲೈವುಡ್ ಹಲಗೆಗಳು ಗೋಡೆಗೆ ಒರಗಿ ನಿಲ್ಲುತ್ತವೆ. ಒಂದೊಂದರ ಮೇಲೂ ಎರಡೋ ನಾಲ್ಕೋ ಬಲ್ಬ್ ಹೋಲ್ಡರು, ಒಂದು ಪುಟ್ಟ ಫ್ಯಾನು, ನೀಲಿ ಡಬ್ಬಿಗಳನ್ನು ಹೊತ್ತ ಒಂದು ಬೋರ್ಡು, ನಡುವೆ ಸಿಕ್ಕುಸಿಕ್ಕಾದ ಜಂಪರ್ ವೈರು. ನೆತ್ತಿಯಲ್ಲಿ ಥರ್ಮೋಕೋಲ್ ಕತ್ತರಿಸಿ ಅಂಟಿಸಿದ ‘ಹೋಮ್ ಆಟೊಮೇಷನ್’ ಎಂಬ ಅಕ್ಷರಗಳು. ಹುಡುಗರು ಫೋನ್ ತೆಗೆದು ಒತ್ತುತ್ತಾರೆ, ‘ಟಕ್’ ಅನ್ನುತ್ತದೆ, ಬಲ್ಬು ಹತ್ತುತ್ತದೆ. ಹೊರಗಿನಿಂದ ಬಂದ ಪರೀಕ್ಷಕರು ತಲೆಯಾಡಿಸುತ್ತಾರೆ. ಆಮೇಲೆ ನನ್ನ ಸರದಿ. ನಾನು ಕೇಳುವುದು ಬಹುತೇಕ ಒಂದೇ ಪ್ರಶ್ನೆ: “ಮನೇಲಿ ಅಜ್ಜಿಗೆ ಲೈಟ್ ಹಾಕಬೇಕು. ಫೋನು ನಿನ್ನ ಜೇಬಲ್ಲಿ ಕಾಲೇಜಿಗೆ ಬಂದುಬಿಟ್ಟಿದೆ. ಅವರೇನು ಮಾಡಬೇಕಪ್ಪಾ?”

ಹಲಗೆಯ ಮೇಲೆ ಸ್ವಿಚ್ಚೇ ಇರುವುದಿಲ್ಲ. “ಅಜ್ಜಿ ಫೋನಿಗೂ ಆಪ್ ಹಾಕಿಕೊಡ್ತೀನಿ ಮೇಡಂ” ಎನ್ನುವುದು ವರ್ಷವರ್ಷವೂ ಬರುವ ಉತ್ತರ.

ಫೋನಿನಿಂದ ಲೈಟು ಹಾಕುವುದು ಈಗ ದೊಡ್ಡ ವಿದ್ಯೆಯೇನಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕೆಲವು ನೂರು ರೂಪಾಯಿ ಕೊಟ್ಟರೆ ಅದಕ್ಕೆ ಬೇಕಾದ ಅಷ್ಟೂ ಸಾಮಾನು ಒಂದು ಕವರಿನಲ್ಲಿ ಬರುತ್ತದೆ. ಪ್ರೋಗ್ರಾಂ ಅಂತೂ ಪುಕ್ಕಟೆ ಸಿಗುತ್ತದೆ. ಫೋನಿನ ಮಾತನ್ನು ಬೋರ್ಡಿಗೆ ತಲುಪಿಸುವ ಅಂಚೆಯವನ ಕೆಲಸವನ್ನು ರೇಡಿಯೊ ಮಾಡಿ ಮುಗಿಸುತ್ತದೆ. ಅದಾದ ಮೇಲೆ 230 ವೋಲ್ಟಿನ ಕಡೆ ಏನಾಗುತ್ತದೆ, ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ, ಆ ಮನೆಯಲ್ಲಿ ಫೋನ್ ಹಿಡಿಯದವರ ಗತಿ ಏನು ಎಂಬಲ್ಲಿ ಕಷ್ಟ ಇರುವುದು. ಯೂಟ್ಯೂಬ್ ವಿಡಿಯೊಗಳು ಬಲ್ಬು ಹತ್ತಿದ ಕೂಡಲೇ ಮುಗಿದುಬಿಡುತ್ತವೆ. ನಾನು ಬರೆಯಹೊರಟಿರುವುದು ಅಲ್ಲಿಂದ ಮುಂದಿನ ಮಾತು. ಆದರೂ ಬಲ್ಬು ಹತ್ತುವವರೆಗಿನ ಕಥೆ ಗೊತ್ತಿಲ್ಲದವರಿಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೈಕ್ರೊಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿಸಿದ ಪುಟ್ಟ ಕಂಪ್ಯೂಟರು. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ಲೋಕದೊಡನೆ ವ್ಯವಹರಿಸಲು ಕೆಲವು ಪಿನ್ನುಗಳು, ಎಲ್ಲ ಅಲ್ಲೇ. ನಿಮ್ಮ ವಾಷಿಂಗ್ ಮಷಿನ್ನಿನಲ್ಲಿ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಮನೆ ಮುಂದಿನ ಕರೆಂಟ್ ಮೀಟರಿನಲ್ಲಿ ಇರುವುದು ಇದೇ. ಅದಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ. ಬರೆದಿಟ್ಟ ಒಂದೇ ಪ್ರೋಗ್ರಾಮನ್ನು ಕರೆಂಟ್ ಇರುವಷ್ಟು ಹೊತ್ತೂ ಮತ್ತೆ ಮತ್ತೆ ಓಡಿಸುತ್ತಿರುತ್ತದೆ. ಇಂತಿಂಥದ್ದು ಬಂದರೆ ಈ ಪಿನ್ನಿಗೆ ವೋಲ್ಟೇಜ್ ಕೊಡು, ಅಂಥದ್ದು ಬಂದರೆ ತೆಗೆ ಎಂದು ಹೇಳಿಟ್ಟರೆ ಮುಗಿಯಿತು.

ಇದೇ ಪ್ರಾಜೆಕ್ಟು ನಾನು ಪಾಠ ಹೇಳಲು ಶುರು ಮಾಡಿದಾಗ ಬೇರೆ ವೇಷದಲ್ಲಿತ್ತು. ಇಂಟೆಲ್ 1980ರಲ್ಲಿ ತಂದ 8051 ಎಂಬ ಮೈಕ್ರೊಕಂಟ್ರೋಲರ್ ಆಗ ನಮ್ಮ ಸಿಲೆಬಸ್ಸಿನ ರಾಜ. ಹುಡುಗರು ಒಂದು ಹಳೆಯ ಕೀಪ್ಯಾಡ್ ಫೋನನ್ನು ‘ಆಟೊ ಆನ್ಸರ್’ಗೆ ಇಟ್ಟು, ಅದರ ಇಯರ್‌ಫೋನ್ ವೈರನ್ನು ಕತ್ತರಿಸಿ ಎಂಟಿ8870 ಎಂಬ ಚಿಪ್ಪಿಗೆ ಬೆಸೆಯುತ್ತಿದ್ದರು. ಇನ್ನೊಂದು ಫೋನಿನಿಂದ ಕರೆ ಮಾಡಿ 5 ಒತ್ತಿದರೆ 770 ಹರ್ಟ್ಜ್ ಮತ್ತು 1336 ಹರ್ಟ್ಜ್‌ನ ಎರಡು ಸ್ವರ ಒಟ್ಟಿಗೆ ಹೊರಡುತ್ತವೆ. ಬ್ಯಾಂಕಿಗೆ ಫೋನ್ ಮಾಡಿದಾಗ ‘ಕನ್ನಡಕ್ಕಾಗಿ ಇಷ್ಟು ಒತ್ತಿ’ ಎನ್ನುತ್ತಾರಲ್ಲ, ಅಲ್ಲಿ ಕೇಳುವ ಪೀಂ ಸದ್ದು ಅದೇ. ಆ ಜೋಡಿ ಸ್ವರವನ್ನು ಎಂಟಿ8870 ಗುರುತಿಸಿ ‘ಐದು’ ಎಂದು 8051ಕ್ಕೆ ತಿಳಿಸುತ್ತಿತ್ತು. ಫೋನಿಗೆ ಸಿಗ್ನಲ್ ಇದ್ದರಾಯಿತು, ದೇಶದ ಯಾವ ಮೂಲೆಯಿಂದಲಾದರೂ ಬಲ್ಬು ಹಾಕಬಹುದಿತ್ತು. ನಂಬರ್ ಗೊತ್ತಿದ್ದ ಯಾರು ಬೇಕಾದರೂ ಹಾಕಬಹುದಿತ್ತು ಎನ್ನುವುದೂ ನಿಜ. ಲ್ಯಾಬಿನಲ್ಲಿ ಒಂದು ಬ್ಯಾಚಿನವರ ಬಲ್ಬನ್ನು ಇನ್ನೊಂದು ಬ್ಯಾಚಿನವರು ಕಿಟಕಿಯಾಚೆ ನಿಂತು ಆರಿಸುವ ತಮಾಷೆ ನಡೆದೇ ಇರುತ್ತಿತ್ತು.

ಆಮೇಲೆ ಬಂದದ್ದು ಎಚ್‌ಸಿ-05 ಎಂಬ ಬ್ಲೂಟೂತ್ ಮಾಡ್ಯೂಲು. ಅದಕ್ಕೆ ಇಂಟರ್‌ನೆಟ್ ಬೇಡ, ಸಿಮ್ ಬೇಡ. ಆದರೆ ಹತ್ತು ಮೀಟರ್ ದಾಟಿದರೆ ತಕರಾರು, ನಡುವೆ ಇಟ್ಟಿಗೆ ಗೋಡೆ ಬಂದರೆ ಇನ್ನೂ ಕಡಿಮೆ. ಒಂದು ಕೋಣೆಗೆ ಸಾಕು, ಮನೆಗೆ ಸಾಲದು.

2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಎಂಬ ಚಿಪ್ ಹವ್ಯಾಸಿಗಳ ಕೈಗೆ ಬಿತ್ತು, ಆಟವೇ ಬದಲಾಯಿತು. ಬೇರೆ ಮೈಕ್ರೊಕಂಟ್ರೋಲರ್‌ಗಳಿಗೆ ವೈಫೈ ಜೋಡಿಸಿಕೊಡುವ ಸಹಾಯಕನಾಗಿ ಅದು ಮಾರುಕಟ್ಟೆಗೆ ಬಂದದ್ದು. ದಾಖಲೆಗಳು ಹೆಚ್ಚಾಗಿ ಚೀನೀ ಭಾಷೆಯಲ್ಲಿದ್ದವು. ಜಗತ್ತಿನ ಹವ್ಯಾಸಿಗಳು ಅದನ್ನು ಅನುವಾದಿಸಿ ಓದಿಕೊಂಡು ನೋಡಿದರೆ, ಸಹಾಯಕನ ತಲೆಯಲ್ಲೇ 80 ಮೆಗಾಹರ್ಟ್ಜ್‌ನ ಪ್ರೊಸೆಸರ್ ಕೂತಿದೆ! ಯಜಮಾನನೇ ಬೇಕಿಲ್ಲ, ಪ್ರೋಗ್ರಾಮನ್ನು ನೇರವಾಗಿ ಇದರಲ್ಲೇ ಓಡಿಸಬಹುದು. ಎರಡು ವರ್ಷದ ನಂತರ ಅದೇ ಕಂಪನಿ ಬ್ಲೂಟೂತನ್ನೂ ಸೇರಿಸಿ ಇಎಸ್‌ಪಿ32 ತಂದಿತು. ಇಂದು ಕಾರಿಡಾರಿನ ಹಲಗೆಗಳ ಮೇಲೆ ಕಾಣುವ ಬೋರ್ಡುಗಳು ಬಹುಪಾಲು ಈ ಮನೆತನದವೇ.

ಈಗ ಫೋನಿನಲ್ಲಿ ‘ಆನ್’ ಒತ್ತಿ ನೋಡೋಣ. ಮನೆಯ ರೌಟರ್ ಇಎಸ್‌ಪಿ ಚಿಪ್ಪಿಗೆ 192.168ರಿಂದ ಶುರುವಾಗುವ ಒಂದು ವಿಳಾಸ ಕೊಟ್ಟಿರುತ್ತದೆ. ಚಿಪ್ಪಿನೊಳಗೆ ಒಂದು ಪುಟಾಣಿ ವೆಬ್‌ಸೈಟ್ ಇರುತ್ತದೆ, ಎರಡು ಬಟನ್ ಬಿಟ್ಟರೆ ಅದರಲ್ಲಿ ಬೇರೇನಿಲ್ಲ. ಫೋನು ಆ ವಿಳಾಸಕ್ಕೆ ಒಂದು ಕೋರಿಕೆ ಕಳಿಸುತ್ತದೆ. ಅದು ರೌಟರಿಗೆ ಹೋಗಿ ಅಲ್ಲಿಂದ ಚಿಪ್ಪಿಗೆ ಬರುತ್ತದೆ. ಪ್ರೋಗ್ರಾಂ ಅದನ್ನು ಓದಿ, ‘ಆನ್ ಎಂದಿದೆ’ ಎಂದು ಖಚಿತಪಡಿಸಿಕೊಂಡು, ಹೇಳಿಟ್ಟ ಪಿನ್ನಿಗೆ 3.3 ವೋಲ್ಟ್ ಕೊಡುತ್ತದೆ. ಇಷ್ಟೂ ಆಗುವುದು ನಿಮ್ಮ ಬೆರಳು ಪರದೆಯಿಂದ ಮೇಲೇಳುವಷ್ಟರಲ್ಲಿ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ, ರೌಟರಿಗೆ ಕರೆಂಟ್ ಇದ್ದರೆ ಸಾಕು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಇಲ್ಲಿ ಹೊಸಬರನ್ನು ಕಾಡುವ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ: ಇಎಸ್‌ಪಿ8266ಕ್ಕೆ 2.4 ಗಿಗಾಹರ್ಟ್ಜ್‌ನ ವೈಫೈ ಮಾತ್ರ ಕಾಣುತ್ತದೆ. ಫೋನಿಗೆ ಕಾಣುವ 5 ಗಿಗಾಹರ್ಟ್ಜ್ ಜಾಲ ಅದರ ಪಾಲಿಗೆ ಇಲ್ಲವೇ ಇಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಕನೆಕ್ಟ್ ಆಗದಿದ್ದರೆ ಮೊದಲು ಅದನ್ನು ನೋಡಿ.

ಪಿನ್ನಿಗೆ 3.3 ವೋಲ್ಟ್ ಬಂತು. ಅದರಿಂದ ಬಲ್ಬು ಹತ್ತೀತೇ? ಎಲ್ಲಿಂದ ಹತ್ತಬೇಕು. ಆ ಪಿನ್ನು ಕೊಡಬಲ್ಲ ಕರೆಂಟು ಹೆಚ್ಚೆಂದರೆ 12 ಮಿಲಿಆಂಪಿಯರ್. ಒಂದು ಎಲ್‌ಇಡಿ ಮಿಣುಕಲು ಸಾಕು, ಅಷ್ಟೆ. ಇಲ್ಲಿಂದ ಮುಂದಿನ ಕೆಲಸ ನೀಲಿ ಡಬ್ಬಿಯದು.

ಆ ನೀಲಿ ಡಬ್ಬಿಗೆ ರಿಲೇ ಎಂದು ಹೆಸರು. ತತ್ವ ಹೊಸದಲ್ಲ. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೆ ಮಾಡಿದ್ದು, ಟೆಲಿಗ್ರಾಫ್ ತಂತಿಗಳಲ್ಲಿ ದಣಿದ ಸಂಕೇತವನ್ನು ಮುಂದಕ್ಕೆ ದಾಟಿಸಲು ಬಳಕೆಯಾದದ್ದು. ಲ್ಯಾಬಿನಲ್ಲಿ ಕೆಟ್ಟ ರಿಲೇ ಸಿಕ್ಕರೆ ನಾನು ಎಸೆಯಲು ಬಿಡುವುದಿಲ್ಲ, ಬ್ಲೇಡಿನಿಂದ ಮುಚ್ಚಳ ಸೀಳಿ ತೋರಿಸುತ್ತೇನೆ. ಒಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ಅದರ ನೆತ್ತಿಯಲ್ಲಿ ಒಂದು ಕಬ್ಬಿಣದ ತುಂಡು, ಅದಕ್ಕೆ ಅಂಟಿದ ತೆಳ್ಳನೆಯ ಪಟ್ಟಿ, ಪಟ್ಟಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿ ಬಣ್ಣದ ಚುಕ್ಕೆ. ಸುರುಳಿಗೆ ಕರೆಂಟ್ ಬಂದರೆ ಅದು ಅಯಸ್ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ, ಪಟ್ಟಿ ಒಂದು ಚುಕ್ಕೆಯನ್ನು ಬಿಟ್ಟು ಇನ್ನೊಂದಕ್ಕೆ ಅಂಟುತ್ತದೆ. ನೀವು ಕೇಳುವ ‘ಟಕ್’ ಅದೇ. ಸುರುಳಿಗೂ ಚುಕ್ಕೆಗಳಿಗೂ ನಡುವೆ ತಂತಿಯ ಸಂಬಂಧವಿಲ್ಲ. ಆ ಕಡೆ 5 ವೋಲ್ಟ್, ಈ ಕಡೆ 230 ವೋಲ್ಟ್. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ರಿಲೇಯ ಇಡೀ ಹೆಚ್ಚುಗಾರಿಕೆ ಇರುವುದು ಅಲ್ಲಿ.

5 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿ 70 ಓಮ್ ಆಸುಪಾಸು ಇರುತ್ತದೆ. ಓಮ್‌ನ ನಿಯಮ ಹಾಕಿ: ಅದಕ್ಕೆ ಬೇಕಾದದ್ದು ಸುಮಾರು 70 ಮಿಲಿಆಂಪಿಯರ್. ಪಿನ್ನು ಕೊಡುವುದು 12. ಆದ್ದರಿಂದ ನಡುವೆ ಒಂದು ಟ್ರಾನ್ಸಿಸ್ಟರ್ ಬೇಕೇ ಬೇಕು. ಸುರುಳಿಯ ಕರೆಂಟು ಥಟ್ಟನೆ ನಿಂತಾಗ ಅದು ಹಿಂದಕ್ಕೆ ದೊಡ್ಡ ವೋಲ್ಟೇಜಿನ ಒಂದು ಏಟು ಕೊಡುತ್ತದೆ. ಆ ಏಟು ಟ್ರಾನ್ಸಿಸ್ಟರನ್ನು ಕೊಲ್ಲದಿರಲಿ ಎಂದು ಸುರುಳಿಗೆ ಅಡ್ಡಲಾಗಿ ಒಂದು ಡಯೋಡು. ಅಂಗಡಿಯಲ್ಲಿ ಸಿಗುವ ರಿಲೇ ಮಾಡ್ಯೂಲಿನಲ್ಲಿ ಇವೆಲ್ಲ ಬೆಸೆದೇ ಬರುತ್ತವೆ. ಹಲವು ಬೋರ್ಡುಗಳಲ್ಲಿ ಆಪ್ಟೊಕಪ್ಲರ್ ಎಂಬ ನಾಲ್ಕು ಕಾಲಿನ ಚಿಪ್ ಕೂಡ ಇದ್ದು, ಸಂಕೇತವನ್ನು ಬೆಳಕಿನ ರೂಪದಲ್ಲಿ ದಾಟಿಸುತ್ತದೆ. ಆದರೆ ಅದೇ ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಜಂಪರ್ ಸಿಕ್ಕಿಸಿರುತ್ತಾರೆ. ಅದನ್ನು ತೆಗೆದು ರಿಲೇಗೆ ಬೇರೆ ಸಪ್ಲೈ ಕೊಟ್ಟರಷ್ಟೇ ಆಪ್ಟೊಕಪ್ಲರ್‌ನ ಪೂರ್ತಿ ಪ್ರಯೋಜನ. ವೈವಾದಲ್ಲಿ ‘ಆಪ್ಟಿಕಲ್ ಐಸೊಲೇಷನ್ ಇದೆ’ ಎಂದು ಬಾಯಿಪಾಠ ಒಪ್ಪಿಸುವವರ ಬೋರ್ಡಿನಲ್ಲಿ ಸಾಮಾನ್ಯವಾಗಿ ಆ ಜಂಪರ್ ಇದ್ದ ಕಡೆಯೇ ಇರುತ್ತದೆ.

ನೀಲಿ ಡಬ್ಬಿಯ ಮೇಲೆ ‘10ಎ 250ವಿ ಎಸಿ’ ಎಂದು ಅಚ್ಚಾಗಿರುತ್ತದೆ. ಅನಾಹುತದ ಬೀಜ ಅಲ್ಲೇ ಇದೆ. 2000 ವ್ಯಾಟಿನ ಗೀಜರ್ 230 ವೋಲ್ಟಿನಲ್ಲಿ ಎಳೆಯುವುದು 8.7 ಆಂಪಿಯರ್. ಹತ್ತಕ್ಕಿಂತ ಕಡಿಮೆ ಇದೆಯಲ್ಲ, ಹಾಕಿಬಿಡೋಣ ಅನ್ನಿಸುತ್ತದೆ. ಬೇಡ. ಆ ಬೋರ್ಡಿನ ತಾಮ್ರದ ಗೆರೆಗಳು ಬಲು ತೆಳು, ಸ್ಕ್ರೂ ಟರ್ಮಿನಲ್‌ಗಳು ಪುಟ್ಟವು. ಅರ್ಧ ಗಂಟೆ ಅಷ್ಟು ಕರೆಂಟ್ ಹರಿದರೆ ಬೋರ್ಡು ಕಂದುಬಣ್ಣಕ್ಕೆ ತಿರುಗುತ್ತದೆ. 3000 ವ್ಯಾಟಿನದಾದರೆ 13 ಆಂಪಿಯರ್, ಮಾತೇ ಇಲ್ಲ.

ಹಾಗೆ ಗೀಜರಿಗೆ ಹಾಕಿದ್ದ ಒಂದು ರಿಲೇಯನ್ನು ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್ ಒಮ್ಮೆ ನನಗೆ ತಂದುಕೊಟ್ಟಿದ್ದರು. ಸೀಳಿ ನೋಡಿದರೆ ಆ ಸಾಸಿವೆ ಕಾಳುಗಳೆರಡೂ ಕರಗಿ ಒಂದಾಗಿದ್ದವು. ಸುರುಳಿ ಬಿಟ್ಟರೂ ಪಟ್ಟಿ ಮೇಲೇಳದು. ಅಂದರೆ ಫೋನಿನಲ್ಲಿ ‘ಆಫ್’ ಎಂದು ತೋರಿಸುತ್ತಿದೆ, ಬಚ್ಚಲುಮನೆಯಲ್ಲಿ ಗೀಜರಿಗೆ ಕರೆಂಟು ಹೋಗುತ್ತಲೇ ಇದೆ. ಗೀಜರಿನ ಸ್ವಂತ ಥರ್ಮೊಸ್ಟಾಟ್ ಕೆಲಸ ಮಾಡುತ್ತಿದ್ದದ್ದರಿಂದ ಅಲ್ಲಿಗೇ ನಿಂತಿತು. ರಿಲೇ ಕೆಟ್ಟರೆ ಲೈಟು ಹತ್ತುವುದಿಲ್ಲ, ಅಷ್ಟೇ ತಾನೆ ಎಂದುಕೊಂಡವರು ಇದನ್ನು ನೆನಪಿಡಬೇಕು. ಅದು ಹತ್ತಿಕೊಂಡೇ ಕೆಡಬಹುದು. ರಿಲೇಯ ಬದಲಿಗೆ ಬಳಸುವ ಸಾಲಿಡ್ ಸ್ಟೇಟ್ ರಿಲೇಗಳೂ ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ಉಳಿಯುತ್ತವೆ.

ಫ್ಯಾನಿನ ವೇಗ ಫೋನಿನಿಂದ ಬದಲಿಸುವುದಕ್ಕೆ ರಿಲೇ ಸಾಲದು, ಕರೆಂಟಿನ ಬಾಗಿಲನ್ನು ಬೇಕಾದ ಗಳಿಗೆಗೆ ತೆರೆಯುವ ಟ್ರಯಾಕ್ ಎಂಬ ಬಿಡಿಭಾಗ ಬೇಕು. ನಮ್ಮ 50 ಹರ್ಟ್ಜ್ ಕರೆಂಟು ಹತ್ತು ಮಿಲಿಸೆಕೆಂಡಿಗೊಮ್ಮೆ ಸೊನ್ನೆ ದಾಟುತ್ತದೆ. ಪ್ರತಿ ಸಲವೂ ಆ ಗಳಿಗೆಯನ್ನು ಹಿಡಿದು, ಎಷ್ಟು ತಡವಾಗಿ ಬಾಗಿಲು ತೆರೆಯಬೇಕೆಂದು ಲೆಕ್ಕ ಹಾಕಬೇಕು. ಮಾಡಬಹುದು. ಆದರೆ ಹವ್ಯಾಸಿಗಳು ಕಟ್ಟಿದ ಇಂಥ ರೆಗ್ಯುಲೇಟರುಗಳಲ್ಲಿ ಫ್ಯಾನು ಗುಂಯ್‌ಗುಡುವುದೇ ಜಾಸ್ತಿ. ಫ್ಯಾನಿಗೆ ಆನ್-ಆಫ್ ಮಾತ್ರ ಫೋನಿಗೆ ಕೊಟ್ಟು, ವೇಗವನ್ನು ಗೋಡೆಯ ರೆಗ್ಯುಲೇಟರಿಗೆ ಬಿಡುವುದು ನನ್ನ ಮಟ್ಟಿಗೆ ಸರಿ.

ಇನ್ನು ಊರಾಚೆಯಿಂದ ಲೈಟು ಹಾಕುವ ಮಾತು. ಮನೆಯೊಳಗಿನ 192.168ರ ವಿಳಾಸ ಹೊರಲೋಕಕ್ಕೆ ಕಾಣದು. ನೀವು ಮಂಗಳೂರಿನ ಬಸ್ಸಿನಲ್ಲಿ ಕೂತು ನೇರವಾಗಿ ಅದನ್ನು ತಟ್ಟಲಾರಿರಿ. ಹಾಗಾಗಿ ನಡುವೆ ಇಬ್ಬರಿಗೂ ಸಿಗುವ ಒಂದು ಸರ್ವರ್ ಇರಬೇಕು. ಚಿಪ್ಪು ಮನೆಯೊಳಗಿನಿಂದ ತಾನೇ ಹೋಗಿ ಅದಕ್ಕೆ ಸಂಪರ್ಕ ಹಿಡಿದುಕೊಂಡು ಕಾಯುತ್ತಿರುತ್ತದೆ. ನೀವು ಫೋನಿನಿಂದ ಅದೇ ಸರ್ವರಿಗೆ ಹೇಳಿದರೆ ಅದು ಚಿಪ್ಪಿಗೆ ದಾಟಿಸುತ್ತದೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಎಂಕ್ಯೂಟಿಟಿ ಎಂಬ ಪದ್ಧತಿ. ಮನೆಯ ಲೈಟಿಗಾಗಿ ಹುಟ್ಟಿದ್ದಲ್ಲ ಅದು. 1999ರಲ್ಲಿ ಆರ್ಲೆನ್ ನಿಪ್ಪರ್ ಮತ್ತು ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಎಂಬಿಬ್ಬರು ತೈಲದ ಕೊಳವೆ ಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ರೂಪಿಸಿದ್ದು. ಉಪಗ್ರಹದ ಸಂಪರ್ಕ ದುಬಾರಿ, ಒಂದೊಂದು ಅಕ್ಷರಕ್ಕೂ ದುಡ್ಡು. ಹಾಗಾಗಿ ಅದರ ಸಂದೇಶದ ತಲೆಬರಹ ಎರಡು ಬೈಟ್‌ನಿಂದಲೇ ಶುರು. ಅಷ್ಟು ಮಿತವಾಗಿ ಮಾತಾಡುವುದರಿಂದಲೇ ಅದು ಪುಟ್ಟ ಚಿಪ್ಪುಗಳಿಗೂ ಒಗ್ಗಿತು.

ಸರ್ವರ್ ಯಾರದ್ದು ಎಂದು ಕೇಳುವುದನ್ನು ಜನ ಮರೆಯುತ್ತಾರೆ. ಪುಕ್ಕಟೆ ಆಪ್ ಕೊಟ್ಟ ಕಂಪನಿ ನಾಳೆ ಅಂಗಡಿ ಮುಚ್ಚಿದರೆ ನಿಮ್ಮ ಬಲ್ಬಿಗೆ ಏನೂ ಆಗಿರುವುದಿಲ್ಲ, ರಿಲೇಗೂ ಆಗಿರುವುದಿಲ್ಲ, ಆದರೂ ಲೈಟು ಹತ್ತುವುದಿಲ್ಲ. ಸ್ವಲ್ಪ ಶ್ರಮ ಪಡಲು ಸಿದ್ಧವಿರುವವರು ಹೋಮ್ ಅಸಿಸ್ಟೆಂಟ್‌ನಂಥ ಮುಕ್ತ ತಂತ್ರಾಂಶವನ್ನು ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಹಾಕಿಕೊಂಡರೆ ಈ ತಾಪತ್ರಯವಿಲ್ಲ, ಎಲ್ಲವೂ ಮನೆಯೊಳಗೇ ಮುಗಿಯುತ್ತದೆ. ಪಾಸ್‌ವರ್ಡಿನ ಮಾತೂ ಇಲ್ಲೇ ಬರಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕ್ಯಾಮೆರಾ, ರೌಟರುಗಳಿಗೆ ಕಾರ್ಖಾನೆಯವರು ಇಟ್ಟ ಪಾಸ್‌ವರ್ಡನ್ನೇ ಬಳಸಿ ಒಳನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ವಶವಾದ ಉಪಕರಣಗಳ ಸೈನ್ಯವೇ ತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಪಾಸ್‌ವರ್ಡ್ ಪೆಟ್ಟಿಗೆಯ ಜೊತೆಗೇ ಹೋಗಲಿ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ನಮ್ಮ ಮನೆಯಲ್ಲಿ ಇದನ್ನು ಕೇಳಿದವರು ಅತ್ತೆ. “ಲೈಟ್ ಹಾಕೋಕೂ ಫೋನ್ ಹುಡುಕಬೇಕೇನೇ?” ಎಂದರು. ನ್ಯಾಯವಾದ ಪ್ರಶ್ನೆ. ಹುಡುಗರು ಕಟ್ಟುವ ಹಾಗೆ, ಸ್ವಿಚ್ಚು ತೆಗೆದು ಅಲ್ಲಿ ರಿಲೇ ಕೂರಿಸಿದರೆ ಫೋನೇ ಗತಿ. ಸ್ವಿಚ್ಚಿನ ಹಿಂದೆ ಸಾಲಾಗಿ ರಿಲೇ ಹಾಕಿದರೆ, ಯಾರೋ ಸ್ವಿಚ್ ಆರಿಸಿ ಹೋದಾಗ ಫೋನು ಎಷ್ಟು ಬಡಿದುಕೊಂಡರೂ ಲೈಟು ಬಾರದು. ಸಮಾನಾಂತರವಾಗಿ ಹಾಕಿದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಆರಿಸಲಾಗದು.

ಉತ್ತರ ನಮ್ಮ ಮಹಡಿ ಮೆಟ್ಟಿಲುಗಳಲ್ಲಿ ಮೊದಲಿನಿಂದಲೂ ಇದೆ. ಕೆಳಗೆ ಹಾಕಿ ಮೇಲೆ ಆರಿಸುವ, ಮೇಲೆ ಹಾಕಿ ಕೆಳಗೆ ಆರಿಸುವ ಟೂ-ವೇ ವೈರಿಂಗ್. ರಿಲೇಯ ಮೂರು ಟರ್ಮಿನಲ್ಲುಗಳನ್ನು ನೋಡಿ: ನಡುವೆ ಕಾಮನ್, ಆ ಕಡೆ ಈ ಕಡೆ ಒಂದೊಂದು. ಟೂ-ವೇ ಸ್ವಿಚ್ಚಿನ ಹಿಂಬದಿಯೂ ಹೀಗೇ ಇರುತ್ತದೆ. ಹಾಗಾದರೆ ಗೋಡೆಯಲ್ಲಿರುವ ಸಾದಾ ಸ್ವಿಚ್ಚನ್ನು ತೆಗೆದು ಟೂ-ವೇ ಸ್ವಿಚ್ಚು ಹಾಕಿ. ಫೇಸ್ ಅದರ ಕಾಮನ್ನಿಗೆ ಬರಲಿ. ಅದರ ಎರಡು ತುದಿಗಳಿಂದ ಎರಡು ವೈರು ರಿಲೇಯ ಎರಡು ತುದಿಗಳಿಗೆ ಹೋಗಲಿ. ರಿಲೇಯ ಕಾಮನ್ನಿನಿಂದ ಲೈಟಿಗೆ. ಮುಗಿಯಿತು. ಫೋನಿನಿಂದ ಹಾಕಿದ್ದನ್ನು ಅತ್ತೆ ಗೋಡೆಯಲ್ಲಿ ಆರಿಸಬಹುದು, ಅವರು ಹಾಕಿದ್ದನ್ನು ನಾನು ಹಾಸಿಗೆಯಿಂದ ಆರಿಸಬಹುದು. ಎಲ್ಲಕ್ಕಿಂತ ಮುಖ್ಯ, ಚಿಪ್ಪು ಸತ್ತರೂ, ರೌಟರ್ ಕೆಟ್ಟರೂ, ರಿಲೇ ಯಾವ ಸ್ಥಾನದಲ್ಲಿ ಕೂತಿದ್ದರೂ ಗೋಡೆಯ ಸ್ವಿಚ್ಚು ಮಾಮೂಲಿ ಸ್ವಿಚ್ಚಿನ ಹಾಗೆ ಕೆಲಸ ಮಾಡುತ್ತದೆ. ನಮ್ಮ ಎಲೆಕ್ಟ್ರಿಷಿಯನ್‌ಗೆ ನಾನು ಇದರ ಚಿತ್ರ ಬರೆದು ತೋರಿಸಿದಾಗ ಅವರು ನಕ್ಕರು: “ಇದು ಸ್ಟೇರ್‌ಕೇಸ್ ಕನೆಕ್ಷನ್ನೇ ಅಲ್ವಾ ಮೇಡಂ? ಇದಕ್ಯಾಕೆ ಚಿತ್ರ?”

ಒಂದು ಕೊರತೆಯುಂಟು. ಈ ಜೋಡಣೆಯಲ್ಲಿ ರಿಲೇ ಎಳೆದಿದೆ ಎಂದ ಮಾತ್ರಕ್ಕೆ ಲೈಟು ಹತ್ತಿದೆ ಎನ್ನಲಾಗದು, ಗೋಡೆಯ ಸ್ವಿಚ್ಚು ಯಾವ ಕಡೆಗಿದೆ ಎನ್ನುವುದನ್ನೂ ಅದು ಅವಲಂಬಿಸಿದೆ. ಫೋನಿಗೆ ನಿಜ ತಿಳಿಯಬೇಕಾದರೆ ಲೈಟಿನ ವೈರಿನಲ್ಲಿ ಕರೆಂಟಿದೆಯೇ ಎಂದು ನೋಡಿ ಹೇಳುವ ಇನ್ನೊಂದು ಸಣ್ಣ ಸರ್ಕ್ಯೂಟು, ಮತ್ತೆ ಒಂದು ಆಪ್ಟೊಕಪ್ಲರ್, ಸೇರಿಸಬೇಕು. ಮನೆಯಲ್ಲೇ ಇರುವವರಿಗೆ ಅದು ಬೇಕಿಲ್ಲ, ಕಣ್ಣಿದೆ. ಊರಿಗೆ ಹೋಗಿ ‘ಲೈಟ್ ಆರಿಸಿದೆನೋ ಇಲ್ಲವೋ’ ಎಂದು ಒದ್ದಾಡುವವರಿಗೆ ಬೇಕು. ಅಂಗಡಿಯಲ್ಲಿ ಸಿಗುವ ಸಿದ್ಧ ಮಾಡ್ಯೂಲುಗಳು ಹೆಚ್ಚಾಗಿ ಇನ್ನೊಂದು ದಾರಿ ಹಿಡಿಯುತ್ತವೆ: ಗೋಡೆಯ ಸ್ವಿಚ್ಚನ್ನು ಚಿಪ್ಪಿಗೇ ಸೂಚನೆ ಕೊಡುವ ಗುಂಡಿಯಾಗಿ ಮಾಡಿ, ರಿಲೇಯನ್ನು ಚಿಪ್ಪೇ ನಡೆಸುವುದು. ಆಗ ಸ್ಥಿತಿ ಸರಿಯಾಗಿ ತಿಳಿಯುತ್ತದೆ, ಆದರೆ ಚಿಪ್ಪು ಸತ್ತ ದಿನ ಸ್ವಿಚ್ಚೂ ಸತ್ತಂತೆ. ಮೆಟ್ಟಿಲು, ಬಚ್ಚಲು, ವಯಸ್ಸಾದವರ ಕೋಣೆ, ಈ ಮೂರು ಕಡೆ ನಾನು ಟೂ-ವೇ ಬಿಟ್ಟು ಬೇರೆಯದಕ್ಕೆ ಒಪ್ಪುವುದಿಲ್ಲ.

ವೈರಿಂಗ್ ಮಾತಿಗೆ ಬಂದದ್ದರಿಂದ ಇನ್ನೊಂದು. ರಿಲೇ ಕೂರಬೇಕಾದದ್ದು ಫೇಸ್ ವೈರಿನಲ್ಲಿ, ನ್ಯೂಟ್ರಲ್‌ನಲ್ಲಲ್ಲ. ನ್ಯೂಟ್ರಲ್‌ನಲ್ಲಿ ಹಾಕಿದರೂ ಲೈಟು ಹತ್ತುತ್ತದೆ, ಆರುತ್ತದೆ, ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಆದರೆ ಆರಿದ ಮೇಲೂ ಹೋಲ್ಡರಿನಲ್ಲಿ ಫೇಸ್ ನಿಂತಿರುತ್ತದೆ. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದವರಿಗೆ ಅದು ಗೊತ್ತಾಗುವುದು ಹೊಡೆದ ಮೇಲೆ. ಕೆಂಪು ಫೇಸು, ಕಪ್ಪು ನ್ಯೂಟ್ರಲ್ ಎಂಬ ನಿಯಮ ಪುಸ್ತಕದಲ್ಲಿದೆ. ಹಳೆಯ ಮನೆಗಳಲ್ಲಿ ಆವತ್ತು ಕೈಗೆ ಸಿಕ್ಕ ಬಣ್ಣ ಗೋಡೆಯೊಳಗೆ ಹೋಗಿರುತ್ತದೆ. ಬಣ್ಣ ನಂಬಬೇಡಿ, ಟೆಸ್ಟರ್ ಇಟ್ಟು ನೋಡಿ. ಚಿಪ್ಪಿಗೆ ಬೇಕಾದ 5 ವೋಲ್ಟನ್ನು ಕೂಡ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪ್ಯಾಸಿಟರಿನಿಂದ ಇಳಿಸುವ ಸರ್ಕ್ಯೂಟುಗಳು ಸಿಗುತ್ತವೆ. ಅಗ್ಗ, ಪುಟ್ಟ, ಮತ್ತು ಅಪಾಯಕಾರಿ. ಅದರಲ್ಲಿ ಚಿಪ್ಪಿನ ಪ್ರತಿ ಪಿನ್ನೂ ಮೇನ್ಸಿಗೆ ತಗುಲಿಕೊಂಡೇ ಇರುತ್ತದೆ.

ನಮ್ಮ ದೇಶದಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ವಿದೇಶದ ವಿಡಿಯೊ ನೋಡಿ ಕಟ್ಟಿದ ಹುಡುಗರಿಗೆ ಈ ಸಂಗತಿ ತಲೆಗೆ ಹೊಳೆಯುವುದೇ ಇಲ್ಲ. ಕರೆಂಟ್ ಬಂದ ಗಳಿಗೆಯಲ್ಲಿ ಚಿಪ್ಪು ಎಚ್ಚರಗೊಳ್ಳುವ ಮೊದಲ ಕ್ಷಣ ಇಎಸ್‌ಪಿ8266ದ ಕೆಲವು ಪಿನ್ನುಗಳು ತಾವಾಗಿಯೇ ಮೇಲೆ ಕೆಳಗೆ ಆಡುತ್ತವೆ. ರಿಲೇಗಳು ಪಟಪಟ ಅಂದು ಲೈಟು ಒಮ್ಮೆ ಮಿಂಚಿ ಹೋಗುತ್ತದೆ. ಲೈಟಾದರೆ ಸರಿ, ಮೋಟಾರಾದರೆ? 4 ಮತ್ತು 5ನೇ ಜಿಪಿಐಒ ಪಿನ್ನುಗಳು ಆ ಕ್ಷಣದಲ್ಲಿ ಶಾಂತವಾಗಿರುತ್ತವೆ, ರಿಲೇಗೆ ಅವನ್ನೇ ಬಳಸಿ. ಪಿನ್ನಿಗೆ 3.3 ವೋಲ್ಟ್ ಬಂದರೆ ಆನ್ ಎಂದು ಮೇಲೆ ಸರಳವಾಗಿ ಹೇಳಿದೆನಾದರೂ, ಹೆಚ್ಚಿನ ರಿಲೇ ಬೋರ್ಡುಗಳು ಪಿನ್ ‘ಲೋ’, ಅಂದರೆ ಸೊನ್ನೆ ವೋಲ್ಟ್, ಆದಾಗ ಎಳೆಯುವಂಥವು. ಆದ್ದರಿಂದ ಪ್ರೋಗ್ರಾಮಿನಲ್ಲಿ ಪಿನ್ನಿಗೆ ಮೊದಲು ‘ಹೈ’ ಬರೆದು, ಆಮೇಲೆ ಅದನ್ನು ಔಟ್‌ಪುಟ್ ಎಂದು ಘೋಷಿಸಬೇಕು. ಎರಡು ಸಾಲು ಹಿಂದುಮುಂದಾದರೆ ರಿಲೇ ಒಮ್ಮೆ ‘ಟಕ್’ ಅನ್ನುತ್ತದೆ. ಕರೆಂಟ್ ಹೋಗುವ ಮೊದಲು ಆನ್ ಇದ್ದದ್ದು ಬಂದ ಮೇಲೆ ತಾನಾಗಿ ಆನ್ ಆಗಬೇಕೇ ಎಂಬುದನ್ನೂ ಒಂದೊಂದು ಉಪಕರಣಕ್ಕೂ ಬೇರೆಯಾಗಿ ತೀರ್ಮಾನಿಸಬೇಕು. ಅಂಗಳದ ದೀಪ ಆಗಲಿ. ಇಸ್ತ್ರಿಪೆಟ್ಟಿಗೆ, ಒಲೆ ಆಗಕೂಡದು.

ಇವೆಲ್ಲ ಪಾಠಗಳನ್ನು ನಗರದ ಸ್ಮಾರ್ಟ್ ಮನೆಗಳಿಗಿಂತ ಮೊದಲೇ ಕಲಿತವರು ನಮ್ಮ ರೈತರು. ತ್ರೀಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ, ಎಷ್ಟೋ ಕಡೆ ರಾತ್ರಿ ಹೊತ್ತು. ಹಾವು ಚೇಳಿನ ಭಯದಲ್ಲಿ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಮೋಟಾರು ಹಾಕಿ ಬರುವುದು ಯಾರಿಗೆ ಬೇಕು? ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೊ ಗಣೇಶ್’ ಸ್ಮಾರ್ಟ್‌ಫೋನ್ ಹಳ್ಳಿಗೆ ಬರುವ ಮೊದಲೇ ಸಾದಾ ಮೊಬೈಲಿನಿಂದ ಪಂಪ್‌ಸೆಟ್ ಹಾಕುವ ದಾರಿ ತೋರಿಸಿತು. ಈಗ ನಮ್ಮ ಕಡೆ ಇದು ‘ಮೊಬೈಲ್ ಸ್ಟಾರ್ಟರ್’ ಎಂದೇ ಪರಿಚಿತ.

ಅದರ ಒಳಗಿನ ಜಾಣತನ ನೋಡುವಂಥದ್ದು. ಮೋಟಾರಿನ ಕರೆಂಟು ರಿಲೇಯ ಹತ್ತಿರವೂ ಸುಳಿಯುವುದಿಲ್ಲ. ಮೋಟಾರನ್ನು ಎಂದಿನಂತೆ ಸ್ಟಾರ್ಟರಿನೊಳಗೆ ಸುರುಳಿಯಿಂದ ನಡೆಯುವ ದಪ್ಪ ಸ್ವಿಚ್ಚಾದ ಕಾಂಟ್ಯಾಕ್ಟರೇ ಹೊರುತ್ತದೆ. ಒಂದು ರಿಲೇ ಹಸಿರು ಗುಂಡಿಗೆ ಸಮಾನಾಂತರವಾಗಿ ಕೂತು ಕ್ಷಣಮಾತ್ರ ಮುಚ್ಚಿಕೊಳ್ಳುತ್ತದೆ, ಅಂದರೆ ನಮ್ಮ ಬದಲು ಗುಂಡಿ ಒತ್ತುತ್ತದೆ. ಇನ್ನೊಂದು ಕೆಂಪು ಗುಂಡಿಯ ಸಾಲಿನಲ್ಲಿ ಕೂತು ಕ್ಷಣಮಾತ್ರ ಬಿಚ್ಚಿಕೊಳ್ಳುತ್ತದೆ. ಗುಂಡಿಗಳು ಇದ್ದ ಹಾಗೇ ಇವೆ, ಕೈಯಿಂದಲೂ ಒತ್ತಬಹುದು. ಮೂರೂ ಫೇಸ್ ಇದೆಯೇ ಎಂದು ನೋಡಿಯೇ ಚಾಲು ಮಾಡುತ್ತದೆ, ಒಂದು ಫೇಸ್ ಹೋಗಿ ಎರಡರಲ್ಲಿ ಓಡಿದರೆ ಮೋಟಾರು ಸುಡುತ್ತದಲ್ಲ. ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದು ಪಂಪು ಒಣಗಿ ತಿರುಗತೊಡಗಿದರೆ ಅದು ಎಳೆಯುವ ಕರೆಂಟು ಕಡಿಮೆಯಾಗುತ್ತದೆ, ಒಳ್ಳೆಯ ಸ್ಟಾರ್ಟರ್ ಅದನ್ನು ಗುರುತಿಸಿ ನಿಲ್ಲಿಸುತ್ತದೆ. ಕೊಳ್ಳುವವರಿಗೆ ಒಂದು ಕಿವಿಮಾತು: ಹಳೆಯ ಮಾದರಿಯ ಎಷ್ಟೋ ಘಟಕಗಳಲ್ಲಿರುವುದು 2ಜಿ ಮಾಡ್ಯೂಲು. ಜಿಯೊ ಜಾಲದಲ್ಲಿ 2ಜಿ ಇಲ್ಲ, ಆ ಸಿಮ್ ಹಾಕಿದರೆ ಕೆಲಸ ಮಾಡದು. ತೋಟದಲ್ಲಿ ಯಾವ ಕಂಪನಿಯ ಯಾವ ಸಿಗ್ನಲ್ ಸಿಗುತ್ತದೆ ಎಂದು ನೋಡಿಕೊಂಡು ಕೊಳ್ಳಿ.

ಮನೆಯ ಗೀಜರಿಗೂ ಓವರ್‌ಹೆಡ್ ಟ್ಯಾಂಕಿನ ಮೋಟಾರಿಗೂ ಈ ರೈತರ ಕ್ರಮವೇ ಸರಿಯಾದದ್ದು. ನೀಲಿ ರಿಲೇ ಕಾಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ನಡೆಸಲಿ, ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಮಿಕ್ಸಿ, ಗ್ರೈಂಡರ್‌ಗಳಿಗೆ ಫೋನಿನ ಸ್ವಿಚ್ಚು ಯಾವ ರೂಪದಲ್ಲೂ ಬೇಡ. ಒಬ್ಬರ ಕೈ ಜಾರಿನೊಳಗಿರುವಾಗ ಇನ್ನೊಬ್ಬರ ಬೆರಳು ಪರದೆಯ ಮೇಲಿರಬಾರದು. ಅಂಗಳದ ದೀಪ, ಗೇಟಿನ ದೀಪ, ಟೆರೇಸಿನ ಲೈಟು, ಮಂಡಿನೋವಿನವರ ಹಾಸಿಗೆಯಿಂದ ದೂರವಿರುವ ಫ್ಯಾನು, ಇವಕ್ಕೆ ಧಾರಾಳವಾಗಿ ಮಾಡಿಕೊಳ್ಳಿ, ನಿಜಕ್ಕೂ ಉಪಕಾರವಾಗುತ್ತದೆ.

ಪ್ರೋಗ್ರಾಂ ಬರೆಯುವುದು, ಬೋರ್ಡು ಜೋಡಿಸುವುದು ನಿಮ್ಮ ಮನೆಯ ಹುಡುಗ ಹುಡುಗಿಯರೇ ಮಾಡಲಿ, 5 ವೋಲ್ಟಿನ ಕಡೆ ಎಷ್ಟು ಬೇಕಾದರೂ ತಪ್ಪಿ ಕಲಿಯಲಿ. ಗೋಡೆಯೊಳಗಿನ ಕೆಲಸಕ್ಕೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಬೋರ್ಡಿನ ಹಿಂದೆ ಕರೆಂಟು ಸೋರಿದರೆ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಅವರಿಂದಲೇ ನೋಡಿಸಿ. ಮತ್ತು ಬಲ್ಬ್ ಬದಲಿಸುವಾಗಲಾಗಲಿ, ಹೋಲ್ಡರ್ ರಿಪೇರಿಗಾಗಲಿ ‘ಫೋನಿನಲ್ಲಿ ಆಫ್ ಮಾಡಿದ್ದೀನಿ’ ಎಂದು ಕೈ ಹಾಕಬೇಡಿ. ಆ ರಿಲೇಯನ್ನು ಇನ್ನೊಂದು ಊರಿನಿಂದ ಇನ್ನೊಬ್ಬರು ಯಾವ ಕ್ಷಣದಲ್ಲಾದರೂ ಆನ್ ಮಾಡಬಲ್ಲರು. ಎದ್ದು ಹೋಗಿ ಎಂಸಿಬಿ ಇಳಿಸಿ ಬನ್ನಿ.